ನಾನೂ ನನ್ನ ತಮ್ಮನೂ ಇಬ್ಬರು

ಖಾತೆ ಪರಿಶೀಲನಾ ವಿಭಾಗದ ಮುಖ್ಯಸ್ಥರೇ,

ನಾನು ಮತ್ತು ನನ್ನ ತಮ್ಮ ಒಬ್ಬನೇ ವ್ಯಕ್ತಿ ಎಂದು ನಿಮ್ಮ ವಿಭಾಗ ನಿನ್ನೆ, ಬುಧವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂತಿಮವಾಗಿ ತೀರ್ಮಾನಿಸಿದೆ. ಈ ಸುದ್ದಿಯನ್ನು ನನಗೆ ತಿಳಿಸಿದ್ದು ನಿಮ್ಮ ಆ್ಯಪ್. ತಮ್ಮನಿಗೆ ತಿಳಿಸಿದ್ದು ಅವನ ಹೆಂಡತಿ. ಅವನು ಆಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ, ಫೋನು ಅವಳ ಕೈಯಲ್ಲಿತ್ತು. ಒಬ್ಬನೇ ಮನುಷ್ಯನಿಗೆ ಒಂದೇ ಸುದ್ದಿಯನ್ನು ಎರಡು ಫೋನಿಗೆ, ಎರಡು ಬೇರೆ ಬೇರೆ ಹೆಸರು ಹಾಕಿ ಕಳಿಸುವಷ್ಟು ಮುತುವರ್ಜಿ ನಿಮಗಿದೆ ಎಂದು ತಿಳಿದು ಸಂತೋಷವಾಯಿತು.

ಸಂದೇಶದ ಸಾರಾಂಶ ಇಷ್ಟು: ಒಬ್ಬನೇ ವ್ಯಕ್ತಿ ಎರಡು ಖಾತೆ ಇಟ್ಟುಕೊಂಡು ಡೆಲಿವರಿ ಕೆಲಸ ಮಾಡುತ್ತಿರುವುದು ದೃಢಪಟ್ಟಿದೆ. ಎರಡರಲ್ಲಿ ಒಂದು ನಕಲಿ ಎಂದು ಬರೆದು, ಸಹಿ ಮಾಡಿ, ಶನಿವಾರ ಸಂಜೆ ಐದರೊಳಗೆ ಕಳಿಸಿದರೆ ಇನ್ನೊಂದನ್ನು ತೆರೆದುಕೊಡಲಾಗುವುದು. ಇಲ್ಲದಿದ್ದರೆ ಎರಡೂ ಶಾಶ್ವತವಾಗಿ ಮುಚ್ಚುತ್ತವೆ. ಯಾವುದು ನಕಲಿ ಎಂಬುದನ್ನು ನಾವೇ ಆರಿಸಿಕೊಳ್ಳಬಹುದಂತೆ. ಇಪ್ಪತ್ಮೂರು ದಿನ ಪರಿಶೀಲನೆ ನಡೆಸಿದ ವಿಭಾಗಕ್ಕೆ ನಕಲಿ ಯಾರು, ಅಸಲಿ ಯಾರು ಎಂದು ಮಾತ್ರ ತಿಳಿಯಲಿಲ್ಲ. ಉಳಿದಿದ್ದೆಲ್ಲ ದೃಢಪಟ್ಟಿದೆ.

ಈ ಬಹಿರಂಗ ಪತ್ರದ ಓದುಗರಿಗಾಗಿ ಒಂದು ಮಾತು. ನಾವು ಅವಳಿ. ನಾನು ಹನ್ನೆರಡು ನಿಮಿಷ ದೊಡ್ಡವನು. ಮುಖ ಒಂದೇ, ಎತ್ತರ ಒಂದೇ, ಗಂಟಲು ಒಂದೇ. ನನ್ನ ಗದ್ದದ ಕೆಳಗೆ ಒಂದು ಹೊಲಿಗೆಯ ಗುರುತಿದೆ, ಅವನ ಎಡ ಹುಬ್ಬಿನಲ್ಲಿ ಒಂದು ಮಚ್ಚೆ ಇದೆ. ಅವನಿಗೆ ಮದುವೆಯಾಗಿದೆ, ನನಗೆ ಆಗಿಲ್ಲ. ಊಟದ ಪೊಟ್ಟಣ ತೆಗೆದುಕೊಳ್ಳಲು ಹೋಟೆಲಿನ ಹಿಂಬಾಗಿಲಲ್ಲಿ ಕಾಯುವ ನಮ್ಮ ಜೊತೆಗಾರರು ನನ್ನನ್ನು ಒರಿಜಿನಲ್ ಎಂದೂ ಅವನನ್ನು ಜೆರಾಕ್ಸ್ ಎಂದೂ ಕರೆಯುತ್ತಾರೆ. ಅವರಿಗೆ ತಮಾಷೆಯಾಗಿದ್ದ ಮಾತನ್ನು ನೀವು ಕಚೇರಿಯ ತೀರ್ಮಾನ ಮಾಡಿದ್ದೀರಿ. ನಾನು ನಿಮ್ಮ ಕಂಪನಿಗೆ ಸೇರಿ ನಾಲ್ಕು ವರ್ಷ ಎರಡು ತಿಂಗಳಾಯಿತು, ಅವನು ಸೇರಿ ಮೂರು ವರ್ಷ. ನಾವು ಎರಡು ಬೈಕು ಓಡಿಸುತ್ತೇವೆ, ಎರಡು ಪರವಾನಗಿ ಹೊಂದಿದ್ದೇವೆ, ಎರಡು ಚೀಲ ಹೊರುತ್ತೇವೆ. ಆ ಎರಡು ಚೀಲಗಳನ್ನೂ ಬೇರೆ ಬೇರೆ ರಸೀದಿ ಬರೆಸಿಕೊಂಡು ಕೊಟ್ಟವರು ನೀವೇ.

ಇನ್ನು ನಮ್ಮ ತಪ್ಪು. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಮುಚ್ಚಿಡದೆ ಇದ್ದದ್ದರಿಂದಲೇ ಇಷ್ಟೆಲ್ಲ ಆಗಿದೆ.

ನಮ್ಮದು ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿಯ ಪಕ್ಕದ ಒಂದೇ ಪ್ಲಗ್ಗಿನಲ್ಲಿ ಇಬ್ಬರ ಫೋನೂ ಚಾರ್ಜಿಗೆ ಹಾಕುತ್ತೇವೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ತರಹದ ಫೋನುಗಳು, ಎರಡಕ್ಕೂ ಕಪ್ಪು ಕವರು. ಇಪ್ಪತ್ನಾಲ್ಕು ದಿನದ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ಅವಸರದಲ್ಲಿ ನಾನು ಅವನ ಫೋನು ಎತ್ತಿಕೊಂಡು ಹೊರಟೆ, ಅವನು ನನ್ನದನ್ನು. ಬೇರೆ ಯಾರಾದರೂ ಆಗಿದ್ದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು, ಫೋನು ತೆರೆಯುತ್ತಿರಲಿಲ್ಲ. ನನ್ನ ಮುಖ ಕಂಡು ಅವನ ಫೋನು ತೆರೆಯಿತು. ಪಾಳಿ ಶುರುವಾಗುವ ಮೊದಲು ಹೆಲ್ಮೆಟ್ ತೆಗೆದು ಮುಖದ ಫೋಟೊ ಕೊಡಬೇಕು ಎಂಬುದು ನಿಮ್ಮ ನಿಯಮ. ಕೊಟ್ಟೆ. ನಿಮ್ಮ ಯಂತ್ರ ನನ್ನ ಮುಖ ನೋಡಿ ನನ್ನ ತಮ್ಮನ ಹೆಸರಿಗೆ ಶುಭದಿನ ಹಾರೈಸಿತು. ಆ ಹೆಸರನ್ನು ನಾನು ಓದಲಿಲ್ಲ. ಈ ಕೆಲಸದಲ್ಲಿ ಇರುವವರು ಹೆಸರು ಓದುವುದಿಲ್ಲ. ನಕ್ಷೆ ಮತ್ತು ಗಡಿಯಾರ ಓದುತ್ತೇವೆ. ಅತ್ತ ಅವನ ಕಡೆಯೂ ಇದೇ ಕಥೆ. ಒಂಬತ್ತು ಹತ್ತರಿಂದ ಹನ್ನೊಂದು ನಲವತ್ತರವರೆಗೆ ನಾನು ಅವನ ಖಾತೆಯಲ್ಲಿ ಏಳು ಮನೆಗೆ ಪೊಟ್ಟಣ ತಲುಪಿಸಿದೆ, ಅವನು ನನ್ನ ಖಾತೆಯಲ್ಲಿ ಎಂಟು.

ಹನ್ನೊಂದು ನಲವತ್ತಕ್ಕೆ ನಾನು ಒಂದು ಕಚೇರಿ ಕಟ್ಟಡದ ಲಿಫ್ಟಿಗೆ ಕಾಯುತ್ತಿದ್ದಾಗ ಫೋನು ಬಂತು. ಎತ್ತಿದೆ.

"ರೀ, ಎಲ್ಲಿದ್ದೀರಿ? ಬಾಗಿಲ ಕೀ ಜೇಬಲ್ಲಿ ಹಾಕ್ಕೊಂಡು ಹೋಗಿದ್ದೀರಲ್ಲ, ನಾನೂ ಅತ್ತೇನೂ ಮೆಟ್ಟಿಲ ಮೇಲೆ ಕೂತಿದ್ದೀವಿ. ತಲೆ ಎಲ್ಲಿಟ್ಟಿರ್ತೀರಿ?"

"ಅಲ್ಲಮ್ಮ, ನಾನು ಭಾವ."

"ಆಹಾ! ಬೈಯೋಕೆ ಶುರು ಮಾಡಿದ ತಕ್ಷಣ ಭಾವ ಆಗ್ಬಿಡ್ತೀರಿ. ಹೋದ ತಿಂಗಳೂ ಇದೇ ನಾಟಕ."

"ನಿಜವಾಗ್ಲೂ ನಾನೇ ಕಣಮ್ಮ. ಬೇಕಾದ್ರೆ ಅಮ್ಮಂಗೆ ಕೊಡು."

ಫೋನು ಕೈ ಬದಲಾಯಿತು. ನಮ್ಮಮ್ಮ ಒಂದು ಸಲ "ಹಲೋ ಅನ್ನು" ಎಂದಳು. ಅಂದೆ. "ದೊಡ್ಡೋನೇ ಇವನು" ಎಂದು ಫೋನು ವಾಪಸ್ ಕೊಟ್ಟಳು. ಮುಖ್ಯಸ್ಥರೇ, ಎಪ್ಪತ್ತೊಂದು ವರ್ಷದ, ಒಂದು ಕಣ್ಣಿಗೆ ಪೊರೆ ಬಂದಿರುವ ಹೆಂಗಸು, ಫೋಟೊ ಇಲ್ಲದೆ, ಒಂದೇ ಶಬ್ದದಲ್ಲಿ ನಡೆಸಿದ ಪರಿಶೀಲನೆ ಅದು. ನಿಮ್ಮ ವಿಭಾಗದಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ?

ಹನ್ನೆರಡೂ ಹತ್ತಕ್ಕೆ ಪೆಟ್ರೋಲ್ ಬಂಕಿನ ಎದುರು ಇಬ್ಬರೂ ಸೇರಿ ಫೋನು ಅದಲುಬದಲು ಮಾಡಿಕೊಂಡೆವು. ಅಲ್ಲೇ ನಿಂತು ಅವನು ನಿಮ್ಮ ಸಹಾಯ ವಿಭಾಗಕ್ಕೆ ಬರೆಯಲು ಶುರು ಮಾಡಿದ.

"ಏನೋ ಬರೀತಿದ್ದೀಯ? ಯಾರಿಗೂ ಗೊತ್ತಾಗಿಲ್ಲ, ಸುಮ್ನಿರೋ" ಎಂದೆ.

"ಅಣ್ಣ, ನಾವೇ ಹೇಳಿದ್ರೆ ಕಣ್ತಪ್ಪು. ಅವರೇ ಕಂಡುಹಿಡಿದ್ರೆ ಕಳ್ಳತನ."

"ಅವರು ಕಂಡುಹಿಡಿಯಲ್ಲ ಕಣೋ. ಅವರಿಗೆ ನೀನು ಯಾರು, ನಾನು ಯಾರು ಅಂತಾನೇ ಗೊತ್ತಿಲ್ಲ."

"ಅದಕ್ಕೇ ಹೇಳ್ತಿರೋದು."

ಅವನು ಬರೆದದ್ದು ನಾಲ್ಕು ಸಾಲು: ನಾವು ಅವಳಿ, ಇಂದು ಬೆಳಿಗ್ಗೆ ಫೋನು ಬದಲಾಗಿದೆ, ಇಷ್ಟು ಹೊತ್ತು ಅಣ್ಣ ನನ್ನ ಖಾತೆಯಲ್ಲಿ, ನಾನು ಅಣ್ಣನ ಖಾತೆಯಲ್ಲಿ ಕೆಲಸ ಮಾಡಿದ್ದೇವೆ, ದಯವಿಟ್ಟು ಸರಿಪಡಿಸಿ. ಮಾರನೆಯ ಬೆಳಿಗ್ಗೆ ಆರೂಮುಕ್ಕಾಲಿಗೆ ಎರಡೂ ಖಾತೆ ನಿಂತವು. ಸುಮ್ಮನಿರು ಎಂದು ನಾನು ಕೊಟ್ಟ ಸಲಹೆ ಸರಿಯಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಅದನ್ನು ಸರಿ ಮಾಡಿದವರಿಗೆ ಆಗುತ್ತದೆಯೇ?

ಬೇರೆಯವರ ಖಾತೆಯಲ್ಲಿ ಕೆಲಸ ಮಾಡಬಾರದು ಎಂಬ ನಿಯಮ ನನಗೆ ಗೊತ್ತು. ಆ ಎರಡೂವರೆ ಗಂಟೆಯ ತಪ್ಪು ನಮ್ಮದೇ. ನಿಮ್ಮದೇ ನಿಯಮಾವಳಿಯ ಹನ್ನೆರಡನೇ ಪುಟದಲ್ಲಿ ಇದಕ್ಕೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಮೂರು ದಿನದ ಅಮಾನತು ಎಂದಿದೆ. ಎಚ್ಚರಿಕೆ ಕೊಟ್ಟಿದ್ದರೆ ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದೆವು. ಆದರೆ ಎಚ್ಚರಿಕೆ ಕೊಡಬೇಕಾದರೆ ಇಬ್ಬರಿಗೆ ಕೊಡಬೇಕು, ಅದಕ್ಕೆ ಮೊದಲು ಇಬ್ಬರಿದ್ದಾರೆ ಎಂದು ಒಪ್ಪಬೇಕು. ಅದಕ್ಕಿಂತ ಒಬ್ಬನನ್ನು ಅಳಿಸುವುದು ನಿಮಗೆ ಸುಲಭವಾಗಿ ಕಂಡಿತು. ಇಬ್ಬರನ್ನು ಬೇರೆ ಬೇರೆ ಗುರುತಿಸಲಾಗದೆ ಎಡವಿದ್ದು ನಿಮ್ಮ ಯಂತ್ರ. ಯಂತ್ರಕ್ಕೆ ವ್ಯತ್ಯಾಸ ಕಾಣಲಿಲ್ಲ, ಆದ್ದರಿಂದ ವ್ಯತ್ಯಾಸ ಇಲ್ಲ ಎಂದು ನೀವು ಬರೆದಿರಿ. ಕನ್ನಡಕ ಮರೆತು ಬಂದವನು ಗೋಡೆಯ ಮೇಲಿನ ಬರಹವೇ ಇಲ್ಲ ಎಂದು ವಾದಿಸಿದ ಹಾಗೆ. ವ್ಯತ್ಯಾಸವೆಂದರೆ ಅಂಥವನಿಗೆ ಯಾರೂ ಒಂದು ವಿಭಾಗದ ಮುಖ್ಯಸ್ಥನ ಕುರ್ಚಿ ಕೊಡುವುದಿಲ್ಲ.

ನಿಮ್ಮ ತೀರ್ಮಾನವೇ ನಿಜ ಎಂದು ಇಟ್ಟುಕೊಳ್ಳೋಣ. ಆಗ ಏನಾಗುತ್ತದೆ ನೋಡಿ. ನಿಮ್ಮದೇ ದಾಖಲೆಯ ಪ್ರಕಾರ ಈ ಒಬ್ಬ ಮನುಷ್ಯ ಮೂರು ವರ್ಷ ಕಾಲ, ದಿನಕ್ಕೆ ಹತ್ತು ಗಂಟೆ, ಒಂದೇ ಹೊತ್ತಿಗೆ ಊರಿನ ಎರಡು ತುದಿಯಲ್ಲಿ ಬೈಕು ಓಡಿಸಿದ್ದಾನೆ. ರೈಲು ನಿಲ್ದಾಣದ ಹತ್ತಿರ ಔಷಧ ಕೊಟ್ಟು ಸಹಿ ಪಡೆದ ನಿಮಿಷದಲ್ಲೇ ಆರು ಕಿಲೋಮೀಟರ್ ಆಚೆ ಒಂದು ವಸತಿ ಸಮುಚ್ಚಯದ ಕಾವಲುಗಾರನೊಂದಿಗೆ ಗೇಟು ತೆಗೆಯುವ ವಿಷಯಕ್ಕೆ ಜಗಳವಾಡಿದ್ದಾನೆ. ಹೋದ ವರ್ಷ ಒಂದು ಲಾರಿ ತಿರುವಿನಲ್ಲಿ ಉಜ್ಜಿಕೊಂಡು ಹೋಗಿ ತಮ್ಮನ ಭುಜದ ಮೂಳೆ ಮುರಿಯಿತು. ಆರು ವಾರ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ವಿಮೆಯ ಅರ್ಜಿಗೆ ನಿಮ್ಮ ಕಂಪನಿಯ ಮೊಹರು ಇದೆ, ಎಕ್ಸ್-ರೇ ನಿಮ್ಮ ಕಡತದಲ್ಲಿದೆ. ಅದೇ ಆರು ವಾರ ನಾನು ಒಂದು ದಿನವೂ ಬಿಡದೆ ಕೆಲಸ ಮಾಡಿದೆ. ಆ ತಿಂಗಳು ನನಗೆ 'ವಲಯದ ಅತ್ಯುತ್ತಮ ಸವಾರ' ಎಂಬ ಬಿಲ್ಲೆಯನ್ನೂ ನೀವೇ ಕಳಿಸಿದಿರಿ. ಹಾಗಾದರೆ ನಿಮ್ಮ ಲೆಕ್ಕದಲ್ಲಿ ಮುರಿದ ಭುಜ ಹೊತ್ತು, ಹಾಸಿಗೆಯಲ್ಲಿ ಮಲಗಿಕೊಂಡೇ ದಿನಕ್ಕೆ ಇಪ್ಪತ್ತೆಂಟು ಮನೆಗೆ ಪೊಟ್ಟಣ ಮುಟ್ಟಿಸಿದ ವೀರ ಅವನು. ಇಂಥವನ ಖಾತೆ ಮುಚ್ಚುತ್ತಾರೆಯೇ? ನಿಮ್ಮ ಮುಖ್ಯ ಕಚೇರಿಯ ಎದುರು ಅವನ ಪ್ರತಿಮೆ ನಿಲ್ಲಿಸಬೇಡವೇ?

ಮೊದಲ ಮೇಲ್ಮನವಿಯಲ್ಲಿ ನಾವು ಇಬ್ಬರೂ ಅಕ್ಕಪಕ್ಕ ನಿಂತ ಫೋಟೊ ಕಳಿಸಿದೆವು. ಇದಕ್ಕಿಂತ ಸರಳ ಸಾಕ್ಷಿ ನನಗೆ ಹೊಳೆಯಲಿಲ್ಲ. ಎರಡು ನಿಮಿಷದಲ್ಲಿ ಉತ್ತರ ಬಂತು: ಫೋಟೊದಲ್ಲಿ ಒಂದಕ್ಕಿಂತ ಹೆಚ್ಚು ಮುಖ ಇದೆ, ಒಬ್ಬರೇ ಇರುವ ಸ್ಪಷ್ಟ ಫೋಟೊ ಕಳಿಸಿ. ನಾವು ಕೇಳಿದ ಪ್ರಶ್ನೆಗೆ ನಿಮ್ಮ ಯಂತ್ರವೇ ಸರಿ ಉತ್ತರ ಕೊಟ್ಟು, ಅದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಿತ್ತು. ಎರಡನೇ ಸಲ ಗುರುತಿನ ಚೀಟಿಗಳನ್ನು ಕಳಿಸಿದೆವು. ತಂದೆಯ ಹೆಸರು ಒಂದೇ, ವಿಳಾಸ ಒಂದೇ, ಹುಟ್ಟಿದ ದಿನಾಂಕ ಒಂದೇ, ಆದ್ದರಿಂದ ಅನುಮಾನ ಇನ್ನಷ್ಟು ಬಲವಾಗಿದೆ ಎಂದಿರಿ. ಮೂರನೇ ಸಲ ಜನನ ಪ್ರಮಾಣಪತ್ರ: ಒಬ್ಬ ಬೆಳಿಗ್ಗೆ ಐದೂ ಎಂಟಕ್ಕೆ, ಇನ್ನೊಬ್ಬ ಐದೂ ಇಪ್ಪತ್ತಕ್ಕೆ. ಅದಕ್ಕೆ ಉತ್ತರವೇ ಬರಲಿಲ್ಲ. ಹೋದ ಶುಕ್ರವಾರ ನೇರವಾಗಿ ನಿಮ್ಮ ಕಚೇರಿಗೇ ಬಂದೆವು.

ನಿಮ್ಮ ಕಚೇರಿಯನ್ನು ನೀವು ಬಾಗಿಲ ಕಡೆಯಿಂದ ನೋಡಿರಲಿಕ್ಕಿಲ್ಲ. ಒಳಗೆ ಹೋಗಲು ಟೋಕನ್ ಬೇಕು. ಪ್ರಕರಣಕ್ಕೆ ಒಂದು ಟೋಕನ್, ಟೋಕನ್ನಿಗೆ ಒಬ್ಬರು. ನಮ್ಮಿಬ್ಬರ ಪ್ರಕರಣವನ್ನು ನೀವು ಆಗಲೇ ಒಂದು ಮಾಡಿಬಿಟ್ಟಿದ್ದಿರಿ. ಕಾವಲುಗಾರ ಟೋಕನ್ ನೋಡಿದ, ನನ್ನನ್ನು ನೋಡಿದ, ತಮ್ಮನನ್ನು ನೋಡಿದ.

"ಇಬ್ರಲ್ಲಿ ಒಬ್ರು ಹೋಗಿ."

ತಮ್ಮ ಅಂದ, "ಒಳಗಿರೋರು ನಾವು ಒಬ್ರೇ ಅಂತಾರೆ. ನೀವು ಒಬ್ರೇ ನಮ್ಮನ್ನ ಇಬ್ರು ಅಂದಿದ್ದು. ಒಂದು ಕಾಗದದ ಮೇಲೆ ಬರೆದುಕೊಡ್ತೀರಾ ಸರ್?"

ಕಾವಲುಗಾರ ನಕ್ಕ. ಬರೆದುಕೊಡಲಿಲ್ಲ. ತಮ್ಮ ಗಾಜಿನ ಬಾಗಿಲ ಆಚೆ ಬಿಸಿಲಲ್ಲಿ ನಿಂತ. 'ನಾವೆಲ್ಲ ಒಂದೇ ಕುಟುಂಬ' ಎಂದು ಗೋಡೆಯ ಮೇಲೆ ಬರೆಸಿದ ಹಾಲಿನಲ್ಲಿ ನಾನು ಒಂದು ಗಂಟೆ ಐವತ್ತು ನಿಮಿಷ ಕಾದೆ. ಕೌಂಟರಿನಲ್ಲಿದ್ದ ಹೆಂಗಸಿನ ಮೇಲೆ ನನ್ನ ದೂರು ಏನೂ ಇಲ್ಲ. ಆಕೆ ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಎದ್ದು ನಿಂತು, ನನ್ನ ತಲೆಯ ಮೇಲಿನಿಂದ ಗಾಜಿನಾಚೆ ನಿಂತ ತಮ್ಮನನ್ನು ನೋಡಿದರು. ಅವನು ಕೈ ಎತ್ತಿದ.

"ನಂಗೆ ಕಾಣ್ತಿದೆ ಸರ್" ಎಂದರು. "ಇಬ್ರೂ ಇದ್ದೀರಿ. ಆದ್ರೆ ಕಂಡಿದ್ದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ."

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಾರಣ ಆರಿಸಿ ಎಂಬಲ್ಲಿ ನಾಲ್ಕು ಸಾಲು: ಫೋನು ಕಳವು, ಫೋಟೊ ಅಸ್ಪಷ್ಟ, ಹೆಸರು ಬದಲಾವಣೆ, ತಪ್ಪೊಪ್ಪಿಗೆ.

"ಇತರೆ ಅಂತ ಇರಲ್ವಾ ಮೇಡಂ?"

"ಮೊದಲು ಇತ್ತು. ಎಲ್ರೂ ಅದನ್ನೇ ಒತ್ತುತ್ತಿದ್ರು ಅಂತ ತೆಗೆದುಬಿಟ್ರು."

ಮುಖ್ಯಸ್ಥರೇ, ಆ ಸಾಲನ್ನು ತೆಗೆಸಿದ್ದು ನೀವೋ ನಿಮ್ಮ ಹಿಂದಿನವರೋ ನನಗೆ ಗೊತ್ತಿಲ್ಲ. ಯಾರೇ ಆಗಲಿ, ಜನರ ಕಷ್ಟ ನಿಮ್ಮ ನಾಲ್ಕು ಸಾಲಿನೊಳಗೆ ಹಿಡಿಸುತ್ತಿಲ್ಲ ಎಂದು ಗೊತ್ತಾದಾಗ, ಸಾಲು ಹೆಚ್ಚಿಸುವ ಬದಲು ಕಷ್ಟಗಳನ್ನೇ ಕಡಿಮೆ ಮಾಡಿದ ಆ ಬುದ್ಧಿವಂತಿಕೆಗೆ ಕೈಮುಗಿಯಬೇಕು. ಕಣ್ಣಿದ್ದು ನೋಡಿದ ಒಬ್ಬ ಉದ್ಯೋಗಿಯನ್ನು ಬರೆಯದ ಹಾಗೆ ಮಾಡಿ, ನೋಡಲಾರದ ಯಂತ್ರಕ್ಕೆ ಬರೆಯುವ ಅಧಿಕಾರ ಕೊಟ್ಟು, ಅದರ ಕೆಳಗೆ 'ಮಾನವ ಪರಿಶೀಲನೆಯ ನಂತರ' ಎಂದು ಅಚ್ಚು ಹಾಕಿಸುತ್ತೀರಿ. ಆ ಮಾನವ ಯಾರು? ಒಂದು ಸಲ ತೋರಿಸಿ. ನಮ್ಮನ್ನು ಅನುಮಾನಿಸಿದ ಹಾಗೆ ಅವನ ಇರವನ್ನು ಅನುಮಾನಿಸುವ ಹಕ್ಕು ನಮಗೂ ಇದೆಯಲ್ಲ.

ಇಲ್ಲಿಯವರೆಗಿನದನ್ನು ನಾನು ನಗುತ್ತಲೇ ಹೇಳಬಲ್ಲೆ. ನಿನ್ನೆ ಸಂಜೆಯದನ್ನು ಆಗುವುದಿಲ್ಲ.

ನಿನ್ನೆ ನಾಲ್ಕೂವರೆಗೆ ತಮ್ಮ ನಿಮ್ಮ ಘೋಷಣಾ ಪತ್ರವನ್ನು ಬೀದಿ ಕೊನೆಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದ. ಅಡುಗೆಮನೆಯ ನೆಲದ ಮೇಲೆ ಕೂತು ತುಂಬತೊಡಗಿದ. 'ನಾನು ಇಲ್ಲದ ವ್ಯಕ್ತಿಯ ಹೆಸರಿನಲ್ಲಿ ಖಾತೆ ತೆರೆದು ಕಂಪನಿಯನ್ನು ವಂಚಿಸಿರುತ್ತೇನೆ' ಎಂಬ ಸಾಲು ಅದರಲ್ಲಿದೆ. ನಕಲಿ ಖಾತೆಯ ಸಂಖ್ಯೆ ಎಂಬಲ್ಲಿ ಅವನು ತನ್ನದನ್ನೇ ಬರೆದಿದ್ದ.

"ಏನೋ ಇದು?"

"ನಿಂದು ನಾಲ್ಕು ವರ್ಷದ್ದು, ನಂದು ಮೂರೇ. ನಿಂದು ಉಳೀಲಿ ಅಣ್ಣ. ಒಬ್ರಿಗಾದ್ರೂ ಕೆಲಸ ಇರಲಿ. ನಾನು ಬೇರೆ ಕಡೆ ನೋಡ್ಕೊತೀನಿ."

"ವಂಚಕ ಅಂತ ಸಹಿ ಮಾಡಿಕೊಟ್ಟು ಬೇರೆ ಕಡೆ ಏನ್ ನೋಡ್ತೀಯ? ಪೊಲೀಸ್ ಸ್ಟೇಷನ್ನಾ?"

"ಯಾರು ಓದ್ತಾರೆ ಬಿಡು ಅದನ್ನ."

"ಅವರು ಓದಲ್ಲ. ಇಟ್ಕೊತಾರೆ. ನಂದು ಬರಿ ಹಂಗಿದ್ರೆ. ದೊಡ್ಡೋನು ನಾನು."

"ಹನ್ನೆರಡು ನಿಮಿಷಕ್ಕೆ ಎಷ್ಟು ವರ್ಷ ದಬ್ಬಾಳಿಕೆ ಮಾಡ್ತೀಯೋ!"

ಅವನ ಹೆಂಡತಿ ಒಲೆ ಆರಿಸಿದಳು. "ಇಲ್ಲದ ವ್ಯಕ್ತಿ ಅಂತ ಬರ್ಕೊಡ್ತಾರಂತೆ. ಹಂಗಾದ್ರೆ ನಾನು ಯಾರ ಹೆಂಡ್ತಿ? ಅದನ್ನೂ ಒಂದು ಕಾಲಂ ಮಾಡಿ ಕೇಳಿ ನಿಮ್ಮ ಕಂಪನೀನ" ಎಂದು ಹೇಳಿ ಹೊರಗೆ ಹೋದಳು. ಜೋರಾಗಿ ಹೇಳಲಿಲ್ಲ. ಅಮ್ಮ ಗೋಡೆ ಹಿಡಿದುಕೊಂಡು ಬಂದು, ಕಾಗದ ಏನೆಂದು ಕೇಳಿದಳು. ನಾನು ಓದಿ ಹೇಳಿದೆ. ಅವಳು ಅದನ್ನು ತಮ್ಮನ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ತನ್ನ ಕನ್ನಡಕದ ಡಬ್ಬಿಗೆ ಹಾಕಿ ಮುಚ್ಚಿದಳು.

"ಹೆತ್ತೋಳು ನಾನು. ಎಷ್ಟು ಹೆತ್ತೆ ಅಂತ ಅವರು ಹೇಳ್ತಾರಾ?"

ನಿಮ್ಮ ಶನಿವಾರದ ಗಡುವಿಗೆ ನಮ್ಮ ಉತ್ತರ ಆ ಡಬ್ಬಿಯಲ್ಲಿದೆ. ಅದು ನಿಮ್ಮಲ್ಲಿಗೆ ಬರುವುದಿಲ್ಲ. ಎರಡೂ ಖಾತೆ ಮುಚ್ಚಿದರೆ ಮುಚ್ಚಿ. ಸಹೋದರರಲ್ಲಿ ಒಬ್ಬನನ್ನು ಇನ್ನೊಬ್ಬನ ಕೈಯಿಂದಲೇ ಅಳಿಸಿ, ಅದಕ್ಕೆ 'ಖಾತೆ ಮರಳಿ ಪಡೆಯುವ ಅವಕಾಶ' ಎಂದು ಹೆಸರಿಟ್ಟ ನಿಮ್ಮಂಥವರಿಂದ ಕೆಲಸವನ್ನು ಕೇಳಿ ಪಡೆಯಬಹುದು. ದಯೆಯನ್ನು ಕೇಳಲು ಮನಸ್ಸು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ನಾವು ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋದೆವು. ತಮ್ಮ ಒಲ್ಲದ ಮನಸ್ಸಿನಿಂದ ಬಂದಿದ್ದ; ಇದರಿಂದ ಏನೂ ಆಗುವುದಿಲ್ಲ, ಇದ್ದ ಒಂದೂ ಹೋಗುತ್ತದೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ಅಲ್ಲಿನ ಗುಮಾಸ್ತರು ನಮ್ಮ ಅರ್ಜಿಯನ್ನು ಓದಿ, ತಲೆ ಎತ್ತಿ ನಮ್ಮನ್ನು ನೋಡಿದರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರ ತಲೆಬಿಸಿಯೇ ಬೇರೆ.

"ಅರ್ಜಿದಾರರು ಇಬ್ರಾ?"

"ಹೌದು ಸರ್."

"ಮತ್ತೆ ಒಂದೇ ಸಹಿ ಇದೆ? ಹಿಂಗೆಲ್ಲ ನಡಿಯಲ್ಲ. ಇಬ್ರೂ ಹಾಕ್ಬೇಕು. ಬೇರೆ ಬೇರೆ."

ತಮ್ಮ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ಪೆನ್ನು ಕೇಳಿದ. ನನ್ನ ಹೆಸರಿನ ಕೆಳಗೆ, ಪೂರ್ತಿ ಹೆಸರು ಬರೆದು, ಸಹಿ ಹಾಕಿದ. ಗುಮಾಸ್ತರು ಎರಡು ಸಲ ಮೊಹರು ಒತ್ತಿದರು.

ಆದ್ದರಿಂದ ನಮ್ಮ ಬೇಡಿಕೆ. ಎರಡೂ ಖಾತೆಗಳನ್ನು, ಇದ್ದ ವರ್ಷಗಳ ಲೆಕ್ಕ ಮತ್ತು ಪಾಳಿ ಆರಿಸಿಕೊಳ್ಳುವ ಹಕ್ಕಿನೊಂದಿಗೆ, ಮೊದಲಿದ್ದ ಹಾಗೆ ತೆರೆಯಿರಿ. ನಕಲಿ ಎಂಬ ಪದವನ್ನು ನಮ್ಮ ಕಡತಗಳಿಂದ ತೆಗೆಯಿರಿ. ಆ ಘೋಷಣಾ ಪತ್ರವನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ. ನಮ್ಮಂತೆ ಇನ್ನೆಷ್ಟು ಮನೆಗೆ ಅದನ್ನು ಕಳಿಸಿದ್ದೀರೋ ಅಲ್ಲಿಂದಲೂ. ಎರಡೂವರೆ ಗಂಟೆಯ ತಪ್ಪಿಗೆ ಹನ್ನೆರಡನೇ ಪುಟದ ಎಚ್ಚರಿಕೆ ಕೊಡಿ, ಇಬ್ಬರಿಗೂ ಒಂದೊಂದು. ಫೋನಿಗೆ ಅಮ್ಮ ಆಗಲೇ ಕೆಂಪು ದಾರ ಕಟ್ಟಿದ್ದಾಳೆ, ಒಂದಕ್ಕೆ ಮಾತ್ರ. ನಿಮ್ಮ ವಿಭಾಗ ಇಪ್ಪತ್ಮೂರು ದಿನದಲ್ಲಿ ಕಂಡುಕೊಳ್ಳದ ಪರಿಹಾರಕ್ಕೆ ಅವಳಿಗೆ ಒಂದು ಗೇಣು ದಾರ ಸಾಕಾಯಿತು.

ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಎರಡನೇ ಮಹಡಿ, ಹದಿನಾಲ್ಕನೇ ಕೊಠಡಿ. ಕಂಪನಿಯ ಪರವಾಗಿ ವಿಭಾಗದ ಮುಖ್ಯಸ್ಥರಾದ ನೀವೇ ಖುದ್ದಾಗಿ ಹಾಜರಿರಬೇಕೆಂದು ನೋಟಿಸಿನಲ್ಲಿದೆ. ಅರ್ಜಿದಾರರಿಗೆ ಎರಡು ಕುರ್ಚಿ ಹಾಕಿರುತ್ತಾರೆ.

ಇಂತಿ,
ಸದ್ಯಕ್ಕೆ ಕೆಲಸವಿಲ್ಲದ,
ನಿಮ್ಮ ದಾಖಲೆಯಲ್ಲಿ ಅರ್ಧ ಉಳಿದಿರುವ ಅಣ್ಣ